ಮೂತಿ ಒಂದು ಕಡೆ, ದಾರಿ ಇನ್ನೊಂದು ಕಡೆ

2019ರ ಆಗಸ್ಟ್. ಕೃಷ್ಣೆ ಉಕ್ಕಿ ಹರಿಯುತ್ತಿದ್ದ ದಿನಗಳು. ಬೆಳಗಾವಿ ಜಿಲ್ಲೆಯ ನದಿತೀರದ ಹಳ್ಳಿಗಳು ಅರ್ಧಕ್ಕರ್ಧ ನೀರಿನಲ್ಲಿ. ನಾನು ಅಲ್ಲಿಂದ ಲೈವ್ ಕೊಡ್ತಾ ಇದ್ದೆ. ನಮ್ಮ ಜೊತೆ ಬಾಡಿಗೆಗೆ ತಂದಿದ್ದ ಒಂದು ಡ್ರೋನ್, ಅದನ್ನು ಹಾರಿಸೋಕೆ ಒಬ್ಬ ಚುರುಕು ಹುಡುಗ. ದಡದಲ್ಲಿ ಜನ ಜಾಸ್ತಿ, ಕರೆಂಟ್ ತಂತಿ ಜಾಸ್ತಿ ಅಂತ ಹೇಳಿ ದೋಣಿಯ ಮೇಲಿಂದಲೇ ಹಾರಿಸಿದ. ಚಿತ್ರಗಳು ಅದ್ಭುತವಾಗಿ ಬಂದವು. ಹತ್ತು ಹದಿನೈದು ನಿಮಿಷ ಆದ ಮೇಲೆ ಬ್ಯಾಟರಿ ಕಡಿಮೆ ಆಯ್ತು. ಹುಡುಗ ನಿಶ್ಚಿಂತೆಯಿಂದ ಹೇಳಿದ, "ಸಾರ್, ಅದೇ ಮನೆಗೆ ಬರುತ್ತೆ ಬಿಡಿ."

ಬಂತು. ಬಂದು ನೇರವಾಗಿ ನೀರಿಗೆ ಇಳೀತು.

ಯಾಕೆ ಹೇಳಿ? ಡ್ರೋನ್ ತನ್ನ 'ಮನೆ' ಅಂತ ನೆನಪಿಟ್ಟುಕೊಂಡಿದ್ದು ಹಾರಿದ ಜಾಗವನ್ನ. ಅಷ್ಟು ಹೊತ್ತಿಗೆ ನಮ್ಮ ದೋಣಿ ಪ್ರವಾಹದ ಜೊತೆ ಜಾರಿ ಜಾರಿ ಇನ್ನೂರು ಮುನ್ನೂರು ಮೀಟರ್ ಕೆಳಗೆ ಬಂದಿತ್ತು. ಡ್ರೋನ್ ಎಲ್ಲಿಂದ ಎದ್ದಿತ್ತೋ ಅಲ್ಲಿಗೇ, ಹೆಚ್ಚೂಕಮ್ಮಿ ಇಲ್ಲದೆ, ವಾಪಸ್ ಹೋಯ್ತು. ಅಲ್ಲಿ ಕೃಷ್ಣೆ ಇದ್ದಳು, ನಾವಿರಲಿಲ್ಲ. ಹುಡುಗ ಕಣ್ಣಲ್ಲಿ ನೀರು ತಂದುಕೊಂಡು "ಮಷೀನ್ ಮೋಸ ಮಾಡ್ತು ಸಾರ್" ಅಂದ. ಮೋಸ ಎಲ್ಲಿ ಮಾಡ್ತು? ಹೇಳಿದ್ದನ್ನು ಹೇಳಿದ ಹಾಗೇ ಮಾಡಿತ್ತು. ನಾವು ಏನು ಹೇಳಿದ್ದೀವಿ ಅನ್ನೋದು ನಮಗೇ ಗೊತ್ತಿರಲಿಲ್ಲ, ಅಷ್ಟೇ.

ಆ ರಾತ್ರಿ ಲಾಡ್ಜ್‌ನಲ್ಲಿ ಕೂತಾಗ ನನಗೆ ನೆನಪಾಗಿದ್ದು ಒಂದು ವಿಮಾನ. 1983ರಲ್ಲಿ 269 ಜನರನ್ನು ಹೊತ್ತುಕೊಂಡು, ಯಾರಿಗೂ ಗೊತ್ತಾಗದ ಹಾಗೆ ಐದು ಗಂಟೆಗೂ ಹೆಚ್ಚು ಕಾಲ ತಪ್ಪು ದಾರಿಯಲ್ಲಿ ಹಾರಿದ ವಿಮಾನ. ಇವತ್ತು ನಮ್ಮ ಹೊಲದ ಮೇಲೆ ಔಷಧಿ ಹೊಡೆಯುವ ಡ್ರೋನ್, ಊರಿನ ನಕ್ಷೆ ತೆಗೆಯುವ ಡ್ರೋನ್, ಗಡಿ ದಾಟಿ ಹೋಗಿ ಬಾಂಬ್ ಹಾಕುವ ಡ್ರೋನ್, ಇವೆಲ್ಲ ಹಾರುವುದು ಒಂದೇ ತತ್ವದ ಮೇಲೆ. ದಾರಿಯ ಮೇಲೆ ಕೆಲವು ಬಿಂದುಗಳನ್ನು ಮೊದಲೇ ಗುರುತು ಮಾಡಿ ಕೊಡೋದು. ಅದಕ್ಕೆ ವೇಪಾಯಿಂಟ್ ಅಂತಾರೆ. ಒಂದು ಬಿಂದು ಮುಟ್ಟು, ಇನ್ನೊಂದಕ್ಕೆ ಹೋಗು, ಅದು ಮುಟ್ಟು, ಮತ್ತೊಂದಕ್ಕೆ ಹೋಗು. ಕೇಳೋಕೆ ಎಷ್ಟು ಸುಲಭ ಅಲ್ವಾ? ಬಿಂದು ಸರಿಯಾಗಿ ಕೊಟ್ಟರೆ ದಾರಿ ತಾನೇ ಸರಿಯಾಗುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಆ ಕೊರಿಯನ್ ವಿಮಾನದಲ್ಲಿದ್ದವರೂ ಹಾಗೇ ಅಂದುಕೊಂಡಿದ್ದರು.

ಆ ಕಥೆಗೆ ಬರ್ತೀನಿ. ಅದಕ್ಕಿಂತ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮನುಷ್ಯನಿಲ್ಲದ ವಿಮಾನವನ್ನು ಗುರಿಗೆ ಕಳಿಸೋ ಆಸೆ ಹೊಸದೇನಲ್ಲ. 1918ರಲ್ಲೇ ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಲ್ಲಿ ಚಾರ್ಲ್ಸ್ ಕೆಟರಿಂಗ್ ಅನ್ನೋ ಇಂಜಿನಿಯರ್ ಒಂದು ಪುಟ್ಟ ವಿಮಾನ ಮಾಡಿದ್ದ. ಅದರ ಲೆಕ್ಕಾಚಾರ ಕೇಳಿದರೆ ನಗು ಬರುತ್ತೆ. ಗಾಳಿ ಎಷ್ಟಿದೆ, ಗುರಿ ಎಷ್ಟು ದೂರ ಅಂತ ನೋಡಿ, ಇಂಜಿನ್ ಎಷ್ಟು ಸುತ್ತು ತಿರುಗಬೇಕು ಅಂತ ಲೆಕ್ಕ ಹಾಕೋದು. ಅಷ್ಟು ಸುತ್ತು ಮುಗಿದ ತಕ್ಷಣ ಇಂಜಿನ್ ಬಂದ್, ರೆಕ್ಕೆ ಹಿಡಿದಿದ್ದ ಬೋಲ್ಟುಗಳು ಕಳಚಿಕೊಳ್ಳೋದು, ಉಳಿದದ್ದು ಬಾಂಬ್ ಆಗಿ ಕೆಳಗೆ ಬೀಳೋದು. ಯುದ್ಧ ಮುಗಿದುಹೋಯ್ತು, ಅದನ್ನು ಬಳಸಲೇ ಇಲ್ಲ.

ಬಳಸಿದವರು ಜರ್ಮನ್ನರು. 1944ರ ಜೂನ್ 13ರಂದು ಲಂಡನ್ ಮೇಲೆ ಮೊದಲ ವಿ-1 ಬಿತ್ತು. ದಿಕ್ಕು ಹಿಡಿಯೋಕೆ ಗೈರೋ ಮತ್ತು ದಿಕ್ಸೂಚಿ, ದೂರ ಅಳೆಯೋಕೆ ಮೂತಿಯ ತುದಿಯಲ್ಲಿ ಗಾಳಿಗೆ ತಿರುಗುವ ಒಂದು ಸಣ್ಣ ಫ್ಯಾನು. ಫ್ಯಾನು ಇಂತಿಷ್ಟು ಸುತ್ತು ಸುತ್ತಿದರೆ ಲಂಡನ್ ಬಂತು ಅಂತ ಅರ್ಥ. ಆದರೆ ಎಲ್ಲಿ ಬಿತ್ತು ಅಂತ ಹಾರಿಸಿದವರಿಗೆ ಗೊತ್ತಾಗಬೇಕಲ್ಲ? ಅದಕ್ಕೆ ಅವರು ನಂಬಿಕೊಂಡಿದ್ದು ಲಂಡನ್ನಿನಲ್ಲಿದ್ದ ತಮ್ಮ ಗೂಢಚಾರರನ್ನ. ಆ ಗೂಢಚಾರರೋ, ಅಷ್ಟು ಹೊತ್ತಿಗೆ ಬ್ರಿಟಿಷರ ಕೈಯಲ್ಲಿದ್ದರು! "ನಿಮ್ಮ ಬಾಂಬುಗಳು ಊರು ದಾಟಿ ಆಚೆ ಬೀಳ್ತಾ ಇವೆ" ಎಂಬ ಅರ್ಥದ ಸುಳ್ಳು ಸುದ್ದಿ ಕಳಿಸಿದರು. ಜರ್ಮನ್ನರು ದೂರ ಕಮ್ಮಿ ಮಾಡಿದರೆ ಲಂಡನ್ನಿನ ನಡುಭಾಗ ಉಳಿಯುತ್ತೆ ಅನ್ನೋದು ಲೆಕ್ಕ. ಬಾಂಬುಗಳು ದಕ್ಷಿಣದ ಬಡಾವಣೆಗಳ ಮೇಲೆ ಬಿದ್ದವು. ಅಲ್ಲಿದ್ದವರೂ ಮನುಷ್ಯರೇ. ಅದು ಬೇರೆಯದೇ ಚರ್ಚೆ, ಇನ್ನೊಂದು ದಿನ ಮಾಡೋಣ. ನಾನು ಹೇಳೋಕೆ ಹೊರಟಿದ್ದು ಇಷ್ಟು: ತಾನೆಲ್ಲಿದ್ದೇನೆ ಅಂತ ಆ ಯಂತ್ರಕ್ಕೆ ಗೊತ್ತಿರಲಿಲ್ಲ. ಎಲ್ಲಿರಬೇಕಿತ್ತು ಅಂತ ಮಾತ್ರ ಗೊತ್ತಿತ್ತು.

ಈಗ 1983ಕ್ಕೆ ಬನ್ನಿ.

ಕೊರಿಯನ್ ಏರ್‌ಲೈನ್ಸ್ 007. ಬೋಯಿಂಗ್ 747. ನ್ಯೂಯಾರ್ಕ್‌ನಿಂದ ಹೊರಟು ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಸೋಲ್‌ಗೆ ಹೋಗಬೇಕು. 246 ಪ್ರಯಾಣಿಕರು, 23 ಸಿಬ್ಬಂದಿ. ಅಮೆರಿಕ ಸಂಸತ್ತಿನ ಸದಸ್ಯ ಲ್ಯಾರಿ ಮೆಕ್‌ಡೊನಾಲ್ಡ್ ಕೂಡ ಅದರಲ್ಲಿದ್ದರು. ಹಿಡಿಯಬೇಕಿದ್ದ ವಾಯುಮಾರ್ಗದ ಹೆಸರು ರೋಮಿಯೋ 20. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಸೋವಿಯತ್ ಒಕ್ಕೂಟ. ಕಮ್ಚಟ್ಕಾದ ಬಳಿ ಆ ಮಾರ್ಗ ಸೋವಿಯತ್ ವಾಯುಗಡಿಯಿಂದ ಮೂವತ್ತು ಕಿಲೋಮೀಟರ್ ಕೂಡ ದೂರವಿರಲಿಲ್ಲ. ಶೀತಲ ಸಮರ ಕುದಿಯುತ್ತಿದ್ದ ಕಾಲ. ಅಲ್ಲಿ ದಾರಿ ತಪ್ಪುವುದು ಅಂದ್ರೆ ಹುಡುಗಾಟ ಅಲ್ಲ.

ಈ ಮಾರ್ಗದ ಮೇಲೆ ಒಂದರ ನಂತರ ಒಂದು ವೇಪಾಯಿಂಟ್‌ಗಳು. ಮೊದಲು ಬೆಥೆಲ್, ಆಮೇಲೆ ನೇಬಿ, ನೀವಾ, ನಿಪ್ಪಿ, ನೋಕ್ಕಾ. ಸಮುದ್ರದ ಮೇಲೆ ಇಟ್ಟ ಹೆಸರುಗಳು. ಅಲ್ಲಿ ಊರಿಲ್ಲ, ಕಂಬ ಇಲ್ಲ, ದೀಪ ಇಲ್ಲ. ಅಕ್ಷಾಂಶ ರೇಖಾಂಶಗಳ ಜೋಡಿ ಅಷ್ಟೇ. ವಿಮಾನದಲ್ಲಿ ಒಂದಲ್ಲ, ಮೂರು ಇನರ್ಷಿಯಲ್ ನ್ಯಾವಿಗೇಷನ್ ಯಂತ್ರಗಳಿದ್ದವು. ಹೊರಗಿನ ಯಾವ ಸಿಗ್ನಲ್ಲೂ ಬೇಡ, ತನ್ನ ಚಲನೆಯನ್ನು ತಾನೇ ಅಳೆದುಕೊಂಡು ನಾನು ಇಲ್ಲಿದ್ದೇನೆ ಅಂತ ಹೇಳುವ ಯಂತ್ರಗಳು. ಆ ಕಾಲಕ್ಕೆ ಅದಕ್ಕಿಂತ ಒಳ್ಳೆಯದು ನಾಗರಿಕ ವಿಮಾನಗಳಲ್ಲಿ ಇರಲಿಲ್ಲ.

ಹಾಗಿದ್ರೆ ತಪ್ಪಿದ್ದೆಲ್ಲಿ?

ಆಟೋಪೈಲಟ್‌ನಲ್ಲಿ ಒಂದು ತಿರುಗಿಸುವ ಗುಂಡಿ ಇತ್ತು. ಒಂದು ಸ್ಥಾನದಲ್ಲಿ ಇಟ್ಟರೆ 'ಹೆಡಿಂಗ್', ಅಂದ್ರೆ ಮೂತಿಯನ್ನು ಇಂತಿಷ್ಟು ಡಿಗ್ರಿಗೆ ಹಿಡಿದುಕೊಂಡು ಹೋಗು. ಇನ್ನೊಂದು ಸ್ಥಾನಕ್ಕೆ ತಿರುಗಿಸಿದರೆ ಇನರ್ಷಿಯಲ್ ಯಂತ್ರದ ಮಾತು ಕೇಳು, ವೇಪಾಯಿಂಟ್‌ಗಳ ನಡುವಿನ ಗೆರೆ ಹಿಡಿ. ಏರಿದ ಕೆಲವೇ ನಿಮಿಷಗಳಲ್ಲಿ ವಿಮಾನ 245 ಡಿಗ್ರಿ ಮೂತಿ ಹಿಡಿದು ಹೊರಟಿತು. ಕೊನೆಯ ತನಕ ಅದನ್ನೇ ಹಿಡಿದಿತ್ತು. ಗುಂಡಿಯನ್ನು ತಿರುಗಿಸಲೇ ಇಲ್ಲವೋ, ಅಥವಾ ತಡವಾಗಿ ತಿರುಗಿಸಿದರೋ, ಇವೆರಡರಲ್ಲಿ ಒಂದು ಆಗಿರಬೇಕು ಅಂತ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1993ರಲ್ಲಿ ವರದಿ ಕೊಟ್ಟಿತು. ತಡವಾದರೆ ಏನಾಗುತ್ತೆ? ವಿಮಾನ ಆ ಗೆರೆಯಿಂದ ಏಳೂವರೆ ನಾಟಿಕಲ್ ಮೈಲಿ, ಅಂದ್ರೆ ಸುಮಾರು 14 ಕಿಲೋಮೀಟರ್ ಒಳಗಿದ್ದರೆ ಮಾತ್ರ ಯಂತ್ರ ಗೆರೆಯನ್ನು ಹಿಡಿಯುತ್ತಿತ್ತು. ಅದಕ್ಕಿಂತ ಆಚೆ ಇದ್ದರೆ ಗುಂಡಿ ತಿರುಗಿಸಿದರೂ ಮೊದಲಿನ ಮೂತಿಯೇ ಮುಂದುವರಿಯುತ್ತಿತ್ತು. ಪೈಲಟ್ ಪಾಲಿಗೆ ಗುಂಡಿ ಸರಿಯಾದ ಜಾಗದಲ್ಲಿದೆ. ವಿಮಾನದ ಪಾಲಿಗೆ ಏನೂ ಬದಲಾಗಿಲ್ಲ.

ಮೂತಿ ಹಿಡಿಯೋದಕ್ಕೂ ದಾರಿ ಹಿಡಿಯೋದಕ್ಕೂ ಏನು ವ್ಯತ್ಯಾಸ ಅಂತ ಕೇಳ್ತೀರಾ? ಆ ದಿನ ಕೃಷ್ಣೆಯಲ್ಲಿ ನಮ್ಮನ್ನು ದಾಟಿಸಿದ ಅಂಬಿಗನನ್ನು ಕೇಳಿ. ಎದುರು ದಡದ ಗುಡಿಗೆ ಹೋಗಬೇಕಾದರೆ ಅವನು ದೋಣಿಯ ಮೂತಿಯನ್ನು ಗುಡಿಗೆ ಇಡಲ್ಲ. ಹೊಳೆ ಎಳೆಯುವುದಕ್ಕೆ ವಿರುದ್ಧವಾಗಿ, ಮೇಲಕ್ಕೆ ಇಡ್ತಾನೆ. ಅವನ ಕಣ್ಣು ಮೂತಿಯ ಮೇಲಿರಲ್ಲ, ಗುಡಿಯ ಮೇಲಿರುತ್ತೆ. ಸೆಳೆತ ಜಾಸ್ತಿಯಾದರೆ ಇನ್ನಷ್ಟು ಮೇಲಕ್ಕೆ. ಗಾಳಿಯೂ ಹೊಳೆ ಇದ್ದ ಹಾಗೇ. ಬರೀ ಮೂತಿ ಹಿಡಿದು ಕೂತರೆ ಗಾಳಿ ಎಲ್ಲಿಗೆ ತಳ್ಳುತ್ತೋ ಅಲ್ಲಿಗೆ. ಅದರ ಮೇಲೆ ಭೂಮಿ ದುಂಡಗಿದೆ. ನಕ್ಷೆಯಲ್ಲಿ ನೇರವಾಗಿ ಕಾಣುವ ದಿಕ್ಕು ಭೂಮಿಯ ಮೇಲೆ ಬೇರೆ ಕಡೆ ಒಯ್ಯುತ್ತೆ. ಮ್ಯಾಗ್ನೆಟಿಕ್ ದಿಕ್ಸೂಚಿಯ ಉತ್ತರವಂತೂ ಹೋಗ್ತಾ ಹೋಗ್ತಾ ಬದಲಾಗುತ್ತಾ ಹೋಗುತ್ತೆ.

ಮೊದಲ ವೇಪಾಯಿಂಟ್ ಬೆಥೆಲ್ ಹತ್ತಿರ ಬಂದಾಗಲೇ ವಿಮಾನ 12.6 ನಾಟಿಕಲ್ ಮೈಲಿ, ಅಂದ್ರೆ ಸುಮಾರು 23 ಕಿಲೋಮೀಟರ್ ಉತ್ತರಕ್ಕೆ ಸರಿದಿತ್ತು. ಮಿಲಿಟರಿ ರಾಡಾರ್ ಒಂದು ಅದನ್ನು ದಾಖಲಿಸಿಯೂ ಇತ್ತು. ವಿಮಾನಕ್ಕೆ ಹೇಳಿದವರು ಯಾರೂ ಇಲ್ಲ.

ಇಷ್ಟಾದರೂ ಕಾಕ್‌ಪಿಟ್‌ನಲ್ಲಿ ಎಲ್ಲ ಮಾಮೂಲಿ. ಯಾಕೆ ಗೊತ್ತಾ? ಇನರ್ಷಿಯಲ್ ಯಂತ್ರ ತನ್ನ ಪಾಡಿಗೆ ಲೆಕ್ಕ ಮಾಡ್ತಾನೇ ಇತ್ತು. ವೇಪಾಯಿಂಟ್‌ನ ನೇರಕ್ಕೆ ಬಂದ ಕೂಡಲೇ, ಅದು ಪಕ್ಕದಲ್ಲೇ ಇರಲಿ, ನೂರಾರು ಕಿಲೋಮೀಟರ್ ಆಚೆ ಇರಲಿ, ದಾಟಿತು ಅಂತ ಲೆಕ್ಕಕ್ಕೆ ಹಾಕಿಕೊಂಡು ಮುಂದಿನದಕ್ಕೆ ಹೋಗ್ತಿತ್ತು. ಹಾಗಾಗಿ ಪೈಲಟ್‌ಗಳು ಸಮಯಕ್ಕೆ ಸರಿಯಾಗಿ ನಿಪ್ಪಿ ದಾಟಿದೆವು ಅಂತ ಟೋಕಿಯೋಗೆ ವರದಿ ಕೊಟ್ಟರು. ಅಸಲಿಗೆ ನಿಪ್ಪಿ ಇದ್ದದ್ದು ನೂರಾರು ಕಿಲೋಮೀಟರ್ ದೂರದಲ್ಲಿ. ಗೆರೆಯಿಂದ ಎಷ್ಟು ಅಡ್ಡಕ್ಕೆ ಸರಿದಿದ್ದೀವಿ ಅನ್ನೋ ಸಂಖ್ಯೆಯನ್ನು ಅದೇ ಯಂತ್ರ ತೋರಿಸಬಲ್ಲದಾಗಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಕ್ರಾಸ್ ಟ್ರ್ಯಾಕ್ ಅಂತಾರೆ. ಆ ಸಂಖ್ಯೆಯನ್ನು ಗಮನಿಸಿದ್ದರೆ ನಾನು ಈ ಲೇಖನ ಬರೀತಾ ಇರಲಿಲ್ಲ.

ನನ್ನನ್ನು ಬಹಳ ಕಾಡಿದ್ದು ಇನ್ನೊಂದು ಸಂಗತಿ. ಇದರ ಹಿಂದೆಯೇ ಅದೇ ಕಂಪನಿಯ ಇನ್ನೊಂದು ವಿಮಾನ ಬರ್ತಾ ಇತ್ತು, 015. ಎರಡೂ ಒಂದೇ ದಾರಿಯಲ್ಲಿದ್ದೀವಿ ಅಂತ ಇಬ್ಬರ ನಂಬಿಕೆ. ರೇಡಿಯೋದಲ್ಲಿ ಹರಟೆ ಹೊಡೀತಾ ಗಾಳಿಯ ಮಾತು ಬಂತು. ನಮಗೆ ಹಿಂದಿನಿಂದ ಜೋರು ಗಾಳಿ ಅಂತ ಅವರು. ನಮಗಿನ್ನೂ ಎದುರುಗಾಳಿ ಅಂತ ಇವರು. ಹೌದಾ ಅಂತ ಸ್ವಲ್ಪ ಆಶ್ಚರ್ಯ ಪಟ್ಟರು. ಅಲ್ಲಿಗೇ ಬಿಟ್ಟರು. ಒಂದೇ ರಸ್ತೆಯಲ್ಲಿ ಹಿಂದೆ ಮುಂದೆ ಹೋಗುವ ಎರಡು ಬಸ್ಸಿನವರು ಫೋನ್ ಮಾಡಿಕೊಂಡು, ಒಬ್ಬ ಇಲ್ಲಿ ಘಾಟಿ ಅಂತ, ಇನ್ನೊಬ್ಬ ಇಲ್ಲಿ ಬಯಲು ಅಂತ ಹೇಳಿದ ಹಾಗೆ! ಅದೊಂದು ಕ್ಷಣ ಸಾಕಿತ್ತು.

ಆಮೇಲಿನದು ಜಗತ್ತಿಗೇ ಗೊತ್ತು. ವಿಮಾನ ಕಮ್ಚಟ್ಕಾ ದಾಟಿ, ಓಖೋಟ್ಸ್ಕ್ ಸಮುದ್ರ ದಾಟಿ, ಸಖಾಲಿನ್ ದ್ವೀಪದ ಮೇಲೆ ಬಂತು. ಅದೇ ರಾತ್ರಿ ಅಮೆರಿಕದ ಬೇಹುಗಾರಿಕೆ ವಿಮಾನ ಆರ್‌ಸಿ-135 ಆ ಕಡೆ ಸುಳಿದಾಡಿ ಹೋಗಿತ್ತು, ಸೋವಿಯತ್ ಸೇನೆಗೆ ಅದೇ ಗುಮಾನಿ. ಸುಖೋಯ್-15 ಪೈಲಟ್ ಗೆನ್ನಾದಿ ಒಸಿಪೋವಿಚ್ ಎಚ್ಚರಿಕೆಯ ಗುಂಡು ಹಾರಿಸಿದ, ಆದರೆ ಅವು ಕತ್ತಲಲ್ಲಿ ಹೊಳೆಯುವ ಟ್ರೇಸರ್ ಗುಂಡುಗಳಾಗಿರಲಿಲ್ಲ. ಅದೇ ಹೊತ್ತಿಗೆ 007 ಟೋಕಿಯೋದಿಂದ ಅನುಮತಿ ಪಡೆದು 35,000 ಅಡಿಗೆ ಏರತೊಡಗಿತ್ತು. ಏರುವಾಗ ವೇಗ ತಗ್ಗಿತು. ತಪ್ಪಿಸಿಕೊಳ್ಳೋಕೆ ನೋಡ್ತಿದೆ ಅಂತ ಸೋವಿಯತ್ ಕಡೆಯವರು ಅಂದುಕೊಂಡರು. ಸೆಪ್ಟೆಂಬರ್ 1ರ ಬೆಳಗಿನ ಜಾವ ಕ್ಷಿಪಣಿ ಹಾರಿತು. ಮೊನೆರಾನ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದ ವಿಮಾನದಲ್ಲಿ ಒಬ್ಬರೂ ಬದುಕಲಿಲ್ಲ.

ಸೋವಿಯತ್ ಸರ್ಕಾರ ಮೊದಲು ಗೊತ್ತಿಲ್ಲ ಅಂತು, ಆಮೇಲೆ ಒಪ್ಪಿಕೊಳ್ತು, ಸಿಕ್ಕಿದ್ದ ಬ್ಲ್ಯಾಕ್ ಬಾಕ್ಸ್‌ಗಳನ್ನು ವರ್ಷಗಟ್ಟಲೆ ಮುಚ್ಚಿಟ್ಟಿತು. ಯೆಲ್ಟ್ಸಿನ್ ಕಾಲದಲ್ಲಿ ಅವು ಹೊರಬಂದ ಮೇಲೇ ಆ 245 ಡಿಗ್ರಿಯ ಸತ್ಯ ಖಚಿತವಾಗಿದ್ದು. ತಪ್ಪು ದಾರಿಯಲ್ಲಿ ಹೋದದ್ದು ಒಂದು ತಪ್ಪು. ನಾಗರಿಕ ವಿಮಾನವನ್ನು ಹೊಡೆದದ್ದು ಬೇರೆಯೇ ತಪ್ಪು, ಅದಕ್ಕೆ ಗುಂಡಿಯ ನೆಪ ಇಲ್ಲ. 1984ರಲ್ಲಿ ಷಿಕಾಗೋ ಒಪ್ಪಂದಕ್ಕೆ ಹೊಸ ವಿಧಿ ಸೇರಿಸಿ, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಆಯುಧ ಬಳಸಬಾರದು ಅಂತ ಬರೆದರು. ಬರೆಯಬೇಕಾಗಿ ಬಂತಲ್ಲ!

ನಮ್ಮ ಜೇಬಿನ ಫೋನಿಗೂ ಆ ರಾತ್ರಿಗೂ ನಂಟಿದೆ. ದುರಂತ ನಡೆದು ಎರಡು ವಾರ ಕಳೆದ ಮೇಲೆ, ರೇಗನ್ ಆಡಳಿತ ಜಿಪಿಎಸ್ ಸಿದ್ಧವಾದಾಗ ಅದನ್ನು ನಾಗರಿಕ ವಿಮಾನಗಳಿಗೂ ಕೊಡುತ್ತೇವೆ ಅಂತ ಘೋಷಿಸಿತು. ಕೊಟ್ಟರು, ಆದರೆ ಬೇಕಂತಲೇ ಮಸುಕು ಮಾಡಿ ಕೊಟ್ಟರು. ನೂರು ಮೀಟರ್ ತನಕ ತಪ್ಪು ಇರ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಕ್ಲಿಂಟನ್ ಆ ಮಸುಕನ್ನು ತೆಗೆಸಿದರು. ಒಂದೇ ರಾತ್ರಿಯಲ್ಲಿ ನಿಖರತೆ ಹತ್ತು ಪಟ್ಟು. ಇವತ್ತಿನ ಡ್ರೋನ್ ಉದ್ಯಮ ನಿಂತಿರೋದು ಆ ನೆಲದ ಮೇಲೆ.

ಹಾಗಾದ್ರೆ ಸಮಸ್ಯೆ ಮುಗೀತಾ? ಬಿಂದು ಗೊತ್ತಾಗೋದು ಸುಧಾರಿಸಿತು, ಅಷ್ಟೇ. ಗೆರೆ ಹಿಡಿಯೋದು ಬೇರೆ ಕೆಲಸ. ವಿಮಾನದಾಕಾರದ ಡ್ರೋನ್ ವೇಪಾಯಿಂಟ್‌ನಲ್ಲಿ ಮೂಲೆ ಮುರಿದ ಹಾಗೆ ತಿರುಗಲಾರದು. ತಿರುವಿಗೆ ಜಾಗ ಬೇಕು. ಮೊದಲೇ ತಿರುಗಿದರೆ ಬಿಂದು ಮುಟ್ಟಲ್ಲ, ಮುಟ್ಟಿ ತಿರುಗಿದರೆ ಮುಂದಿನ ಗೆರೆಯ ಆಚೆ ಹೋಗಿ ವಾಪಸ್ ಬರಬೇಕು. 2004ರಲ್ಲಿ ಎಂಐಟಿಯ ಮೂವರು ಸಂಶೋಧಕರು ಒಂದು ಉಪಾಯ ಪ್ರಕಟಿಸಿದರು. ಮುಂದಿನ ವೇಪಾಯಿಂಟನ್ನು ನೋಡಬೇಡ, ಗೆರೆಯ ಮೇಲೇ ನಿನಗಿಂತ ಸ್ವಲ್ಪ ಮುಂದೆ ಒಂದು ಬಿಂದು ಕಲ್ಪಿಸಿಕೊಂಡು ಅದರ ಹಿಂದೆ ಹೋಗು ಅಂತ. ಬಿಂದು ತೀರಾ ಹತ್ತಿರ ಇಟ್ಟರೆ ಡ್ರೋನ್ ಕುಡಿದವನ ಹಾಗೆ ಆ ಕಡೆ ಈ ಕಡೆ ತೂರಾಡುತ್ತೆ. ದೂರ ಇಟ್ಟರೆ ಮೂಲೆಗಳನ್ನು ಕತ್ತರಿಸಿಕೊಂಡು ಹೋಗುತ್ತೆ. ಆರ್ಡುಪೈಲಟ್ ಅನ್ನೋ ಉಚಿತ ತಂತ್ರಾಂಶದ ಮೂಲಕ ಈ ಉಪಾಯ ಜಗತ್ತಿನ ಎಷ್ಟೋ ಡ್ರೋನ್‌ಗಳ ಒಳಗೆ ಸೇರಿತು. ನೋಡಿ, ಕೊನೆಗೂ ಅಂಬಿಗನ ಬುದ್ಧಿಗೇ ಬಂದ್ರು!

ಮತ್ತೂ ತಪ್ಪುತ್ತೆ. 2022ರ ಮಾರ್ಚ್ 10ರ ರಾತ್ರಿ ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನಲ್ಲಿ, ವಿದ್ಯಾರ್ಥಿಗಳ ಹಾಸ್ಟೆಲ್ ಹತ್ತಿರ ದೊಡ್ಡದೊಂದು ಡ್ರೋನ್ ಬಿತ್ತು. ಟುಪೊಲೆವ್-141, ಸೋವಿಯತ್ ಕಾಲದ್ದು. ಯುಕ್ರೇನ್ ಕಡೆಯಿಂದ ರೊಮೇನಿಯಾ, ಹಂಗೇರಿ ದಾಟಿ ಬಂದಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ನಿಲ್ಲಿಸಿದ್ದ ಕಾರುಗಳು ಹಾಳಾದವು. ರಷ್ಯಾ ನಮ್ಮದಲ್ಲ ಅಂತು, ಯುಕ್ರೇನ್ ನಮ್ಮದಲ್ಲ ಅಂತು. (ಅದರ ಹಿಂದಿನ ದಿನವೇ ನಮ್ಮ ದೇಶದ ಒಂದು ಕ್ಷಿಪಣಿ ಅಕಸ್ಮಾತ್ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿದ್ದಿತ್ತು. ನಾವು ವಿಷಾದ ವ್ಯಕ್ತಪಡಿಸಿದೆವು, ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಿದೆವು. ಎರಡು ಅಣ್ವಸ್ತ್ರ ದೇಶಗಳ ನಡುವೆ ಆ ಸಂಜೆ ಏನೇನು ಆಗಬಹುದಿತ್ತು ಅಂತ ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ.)

ಜಿಪಿಎಸ್‌ಗೆ ಸುಳ್ಳು ಹೇಳೋಕೂ ಬರುತ್ತೆ. ಉಪಗ್ರಹದಿಂದ ಬರುವ ಸಿಗ್ನಲ್ ಅತ್ಯಂತ ಕ್ಷೀಣ. ಅದಕ್ಕಿಂತ ಜೋರಾಗಿ ನಕಲಿ ಸಿಗ್ನಲ್ ಬಿಟ್ಟರೆ ಡ್ರೋನ್ ಅದನ್ನೇ ನಂಬುತ್ತೆ. 2012ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಟಾಡ್ ಹಂಫ್ರೀಸ್ ತಂಡ ಅಧಿಕಾರಿಗಳ ಎದುರಲ್ಲೇ ಇದನ್ನು ಮಾಡಿ ತೋರಿಸಿತು. ಲಂಡನ್ನಿನ ನಕಲಿ ಗೂಢಚಾರರ ಕಥೆ ಮತ್ತೆ ಬಂತು ನೋಡಿ, ಈ ಸಲ ಯಂತ್ರದ ಕಿವಿಯಲ್ಲೇ.

ನಮ್ಮ ಊರಿಗೆ ಬಂದರೆ, 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆ. ಹಳ್ಳಿಗಳ ಮೇಲೆ ಡ್ರೋನ್ ಹಾರಿಸಿ, ಮನೆ ಜಾಗ ಅಳೆದು ಹಕ್ಕಿನ ಕಾರ್ಡ್ ಕೊಡೋದು. ಆ ಅಕ್ಟೋಬರ್‌ನಲ್ಲಿ ಆರು ರಾಜ್ಯಗಳ 763 ಹಳ್ಳಿಗಳಿಗೆ ಮೊದಲ ಕಾರ್ಡ್ ಸಿಕ್ಕವು, ಅದರಲ್ಲಿ ಕರ್ನಾಟಕದ್ದು 2. ಡ್ರೋನ್ ಅಲ್ಲಿ ನೇಗಿಲ ಸಾಲಿನ ಹಾಗೆ ಪಕ್ಕ ಪಕ್ಕದ ಗೆರೆಗಳಲ್ಲಿ ಹಾರಬೇಕು. ಒಂದು ಸಾಲಿನ ಫೋಟೋ ಪಕ್ಕದ ಸಾಲಿನ ಫೋಟೋ ಮೇಲೆ ಸ್ವಲ್ಪ ಹತ್ತಿಕೊಂಡಿರಬೇಕು. ಗಾಳಿಗೆ ಸಾಲು ಬಾಗಿದರೆ ನಡುವೆ ಯಾರದೋ ಹಿತ್ತಿಲು ಕಾಣೆ. ನೆಲದ ಮೇಲೆ ಖಚಿತ ಜಾಗದಲ್ಲಿ ನಿಂತ ಕೇಂದ್ರಗಳು ಜಿಪಿಎಸ್ ತಪ್ಪನ್ನು ತಿದ್ದಿ ಕೊಡುತ್ತವೆ. ಮೀಟರ್ ಲೆಕ್ಕದ ತಪ್ಪು ಸೆಂಟಿಮೀಟರ್‌ಗೆ ಇಳಿಯುತ್ತೆ.

ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್‌ನಲ್ಲಿ ಅಷ್ಟು ನಿಖರತೆ ಎಲ್ಲ ಕಡೆ ಇರಲ್ಲ. ದೇಶದಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಗೆ 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಒಳ್ಳೆಯದು, ಬರಲಿ. ಆದರೆ ಭತ್ತಕ್ಕೆ ಹೊಡೆಯುವ ಕಳೆನಾಶಕ ಬದು ದಾಟಿ ಎರಡು ಮೀಟರ್ ಆಚೆ ಬಿದ್ದರೆ ಪಕ್ಕದವನ ತೊಗರಿ ಗತಿ ಏನು? ಡ್ರೋನ್ ಗೆರೆ ಹಿಡಿದಿದ್ದರೂ ಹನಿ ಗಾಳಿಗೆ ಹೋಗುತ್ತೆ. ಗೆರೆಯೇ ಬಿಟ್ಟಿದ್ದರೆ ಕೇಳೋದೇ ಬೇಡ.

ಹೋದ ವರ್ಷ ತುಂಗಭದ್ರಾ ಅಚ್ಚುಕಟ್ಟಿನ ಒಂದು ಗದ್ದೆಯಲ್ಲಿ ಇದನ್ನು ಶೂಟ್ ಮಾಡೋಕೆ ಹೋಗಿದ್ದೆ. ಹಾರಿಸುತ್ತಿದ್ದದ್ದು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಗದ್ದೆಯ ನಾಲ್ಕು ಮೂಲೆಗೂ ನಡೆದು ಗುರುತು ಹಾಕಿಕೊಂಡರು. ಯಂತ್ರ ತಾನೇ ಸಾಲು ಹಾಕಿತು. ಸುತ್ತ ನಿಂತವರೆಲ್ಲ ಮೇಲೆ ನೋಡ್ತಾ ಇದ್ದರು, ನಮ್ಮ ಕ್ಯಾಮೆರಾದವನೂ ಮೇಲೆಯೇ. ಆಕೆ ಮಾತ್ರ ತಲೆ ಬಗ್ಗಿಸಿ ಸ್ಕ್ರೀನ್ ನೋಡ್ತಿದ್ದರು. ಏನು ನೋಡ್ತಾ ಇದ್ದೀರಿ ಅಂತ ಕೇಳಿದೆ. ಮೂಲೆಯಲ್ಲಿ ಒಂದು ಸಣ್ಣ ಸಂಖ್ಯೆ ತೋರಿಸಿದರು. 0.6. ಪಕ್ಕದ ಸಾಲಿಗೆ ತಿರುಗುವಾಗ 1.1. ಬದುವಿನ ಕಡೆಯಿಂದ ಗಾಳಿ ಎದ್ದಾಗ 1.9.

"ಸಾಕು" ಅಂದವರೇ ಡ್ರೋನ್ ಇಳಿಸಿಬಿಟ್ಟರು. ಇನ್ನೂ ಮೂರು ಸಾಲು ಬಾಕಿ ಇತ್ತು. ಗಾಳಿ ನಿಲ್ಲಲಿ ಅಂತ ಹೇಳಿ ನಮಗೆಲ್ಲ ಚಹಾ ತರಿಸಿದರು.